ವಿದೇಶದ ಸೇನಾ ನೆಲೆಯಲ್ಲಿ ದುಡಿಯುವ ನಾಗರಿಕರ ಮೇಲೆ ಲೈಂಗಿಕ ದೌರ್ಜನ್ಯವಾದರೆ: ನೆರವು ಎಲ್ಲಿದೆ, ಕಾನೂನು ಏನನ್ನುತ್ತದೆ?

ಸೇನಾ ನೆಲೆ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಸಮವಸ್ತ್ರ ತೊಟ್ಟ ಸೈನಿಕರು. ಆದರೆ ಅಮೆರಿಕದ ಯಾವುದೇ ವಿದೇಶಿ ನೆಲೆಯ ಒಳಹೊಕ್ಕು ನೋಡಿದರೆ ಅಡುಗೆ ಮಾಡುವವರು, ಬಟ್ಟೆ ಒಗೆಯುವವರು, ಜನರೇಟರ್ ದುರಸ್ತಿ ಮಾಡುವವರು, ಲಾರಿ ಓಡಿಸುವವರು, ದುಭಾಷಿಗಳು, ನರ್ಸ್‌ಗಳು, ಲೆಕ್ಕಿಗರು ಕಾಣುತ್ತಾರೆ. ಇವರಲ್ಲಿ ಹೆಚ್ಚಿನವರು ಸೈನಿಕರಲ್ಲ, ನಾಗರಿಕರು. 2011ರ ಮಾರ್ಚ್ ತಿಂಗಳಲ್ಲಿ ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಅಮೆರಿಕದ ಸಮವಸ್ತ್ರಧಾರಿಗಳು ಸುಮಾರು 1,45,000 ಇದ್ದರೆ, ಅಮೆರಿಕದ ರಕ್ಷಣಾ ಇಲಾಖೆಯ ಗುತ್ತಿಗೆ ನೌಕರರು ಸುಮಾರು 1,55,000 ಇದ್ದರು. ಅಂದರೆ ಸೈನಿಕರಿಗಿಂತ ಕೆಲಸಗಾರರೇ ಹೆಚ್ಚು.

ಇದು ನಮಗೆ ಸಂಬಂಧವಿಲ್ಲದ ವಿಷಯವೇನಲ್ಲ. ಭಾರತ, ನೇಪಾಳ, ಫಿಲಿಪೀನ್ಸ್ ದೇಶಗಳಿಂದ ಇಂಥ ಕೆಲಸಗಳಿಗೆ ಹೋದವರು ಬಹಳ ಮಂದಿ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನಿಗಳ ಕೈಸೇರಿದಾಗ ಜೀವ ಕೈಯಲ್ಲಿ ಹಿಡಿದು ಮರಳಿದ ಭಾರತೀಯರಲ್ಲಿ ಮಂಗಳೂರು ಕಡೆಯವರೂ ಇದ್ದರು. ಅವರಲ್ಲಿ ಕೆಲವರು ದುಡಿಯುತ್ತಿದ್ದದ್ದು ನ್ಯಾಟೋ ಶಿಬಿರಗಳಲ್ಲಿ.

ಇಂಥ ಜಾಗದಲ್ಲಿ ಒಬ್ಬ ಕೆಲಸಗಾರಳ ಮೇಲೆ, ಅಥವಾ ಕೆಲಸಗಾರನ ಮೇಲೆ, ಲೈಂಗಿಕ ದೌರ್ಜನ್ಯ ನಡೆದರೆ ಏನಾಗುತ್ತದೆ? ಸೈನಿಕರಿಗೆಂದು ಮಾಡಿದ ನೆರವಿನ ವ್ಯವಸ್ಥೆ ಇವರಿಗೂ ಸಿಗುತ್ತದೆಯೇ? ದೂರು ಯಾರಿಗೆ ಕೊಡಬೇಕು: ಅಮೆರಿಕದ ಸೇನೆಗೋ, ಆ ದೇಶದ ಪೊಲೀಸರಿಗೋ, ನಮ್ಮ ರಾಯಭಾರ ಕಚೇರಿಗೋ, ಕಂಪನಿಗೋ? ಈ ಪ್ರಶ್ನೆಗಳಿಗೆ ಒಂದೇ ಸಾಲಿನ ಉತ್ತರವಿಲ್ಲ. ಆದರೆ ಉತ್ತರಗಳಿವೆ. ಒಂದೊಂದಾಗಿ ನೋಡೋಣ.

ಮೊದಲು, ನೀವು ಯಾವ ಗುಂಪಿಗೆ ಸೇರುತ್ತೀರಿ?

ಸಿಗುವ ನೆರವು ನಿಮ್ಮ ಕೈಯಲ್ಲಿರುವ ಬ್ಯಾಡ್ಜ್ ಮೇಲೆ ನಿಂತಿದೆ. ಕೇಳಲು ಕಹಿ ಎನಿಸಿದರೂ ವಾಸ್ತವ ಹೀಗಿದೆ. ಮೋಟಾಗಿ ನಾಲ್ಕು ಗುಂಪು ಮಾಡಬಹುದು.

1. ಸೈನಿಕರು ಮತ್ತು ಅವರ 18 ವರ್ಷ ದಾಟಿದ ಅವಲಂಬಿತರು. ಇವರಿಗೆ ಪೂರ್ಣ ನೆರವು ಉಂಟು. (ಗಂಡ ಅಥವಾ ಹೆಂಡತಿಯಿಂದಲೇ ದೌರ್ಜನ್ಯವಾಗಿದ್ದರೆ ಅದನ್ನು ನೋಡಿಕೊಳ್ಳುವುದು ಕುಟುಂಬಗಳಿಗೆಂದೇ ಇರುವ ಬೇರೆ ವಿಭಾಗ.)

2. ಅಮೆರಿಕದ ರಕ್ಷಣಾ ಇಲಾಖೆಯ ನಾಗರಿಕ ನೌಕರರು. ಸರ್ಕಾರದಿಂದಲೇ ಸಂಬಳ ಪಡೆಯುವ ಶಿಕ್ಷಕರು, ಇಂಜಿನಿಯರುಗಳು, ಕಚೇರಿ ಸಿಬ್ಬಂದಿ ಮೊದಲಾದವರು.

3. ಗುತ್ತಿಗೆ ಕಂಪನಿಗಳ ನೌಕರರಾದ ಅಮೆರಿಕದ ಪ್ರಜೆಗಳು.

4. ಗುತ್ತಿಗೆ ಅಥವಾ ಉಪಗುತ್ತಿಗೆ ಕಂಪನಿಗಳ ಮೂಲಕ ಬಂದ ಬೇರೆ ದೇಶದವರು. ಅಮೆರಿಕದ ಸೇನೆಯ ಮಾತಿನಲ್ಲಿ ಇವರು ‘ಮೂರನೇ ದೇಶದ ಪ್ರಜೆಗಳು’. ಭಾರತದಿಂದ ಹೋದ ಅಡುಗೆಯವರು, ಲಾಂಡ್ರಿಯವರು, ಎಲೆಕ್ಟ್ರಿಷಿಯನ್‌ಗಳು ಬರುವುದು ಇಲ್ಲಿ.

ಅಮೆರಿಕದ ಸೇನೆಯಲ್ಲಿ ಲೈಂಗಿಕ ದೌರ್ಜನ್ಯ ತಡೆ ಮತ್ತು ನೆರವಿನ ಇಂದಿನ ವ್ಯವಸ್ಥೆ ಶುರುವಾದದ್ದು 2005ರಲ್ಲಿ. ಪ್ರತಿಯೊಂದು ದೊಡ್ಡ ನೆಲೆಯಲ್ಲೂ ಇದಕ್ಕೆಂದೇ ಒಬ್ಬ ಸಂಯೋಜಕರು ಇರುತ್ತಾರೆ. ಅವರನ್ನು ‘ಸಾರ್ಕ್’ ಎಂದು ಕರೆಯುತ್ತಾರೆ. (ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟಕ್ಕೂ ಇದಕ್ಕೂ ಸಂಬಂಧವಿಲ್ಲ, ಅಕ್ಷರಗಳಷ್ಟೇ ಹಾಗೆ ಕೂಡಿವೆ.) ಅವರ ಕೈಕೆಳಗೆ ಸಂತ್ರಸ್ತರ ಸಹಾಯಕರು ಇರುತ್ತಾರೆ. ಇವರ ಕೆಲಸ ತನಿಖೆ ಮಾಡುವುದಲ್ಲ. ಆಸ್ಪತ್ರೆಗೆ ಜೊತೆಯಲ್ಲಿ ಬರುವುದು, ಮುಂದೆ ಯಾವ ಯಾವ ದಾರಿಗಳಿವೆ ಎಂದು ವಿವರಿಸುವುದು, ನಿಮ್ಮ ನಿರ್ಧಾರಕ್ಕೆ ಬೆಂಬಲವಾಗಿ ನಿಲ್ಲುವುದು.

ಎರಡನೆಯ ಮತ್ತು ಮೂರನೆಯ ಗುಂಪಿನವರಿಗೆ ರಕ್ಷಣಾ ಇಲಾಖೆಯ ನಿಯಮ ಕೊಟ್ಟಿರುವುದು ‘ಸೀಮಿತ ನೆರವು’. ವಿದೇಶದಲ್ಲಿ ಕೆಲಸದ ಮೇಲಿದ್ದಾಗ ತುರ್ತು ಚಿಕಿತ್ಸೆ ಸಿಗುತ್ತದೆ, ಆ ಚಿಕಿತ್ಸೆ ನಡೆಯುವಷ್ಟು ಹೊತ್ತು ಸಾರ್ಕ್ ಮತ್ತು ಸಹಾಯಕರ ಬೆಂಬಲ ಸಿಗುತ್ತದೆ. ತಿಂಗಳುಗಟ್ಟಲೆಯ ಆಪ್ತಸಮಾಲೋಚನೆ ಮೊದಲಾದವು ತಾವಾಗಿ ಬರುವುದಿಲ್ಲ. ನಾಲ್ಕನೆಯ ಗುಂಪನ್ನು ಈ ನಿಯಮ ಹೆಸರಿಸಿಯೇ ಇಲ್ಲ. ಇಡೀ ವ್ಯವಸ್ಥೆಯ ಅತಿದೊಡ್ಡ ಬಿರುಕು ಇದು. ಆದರೆ ‘ಹೆಸರಿಸಿಲ್ಲ’ ಎಂದರೆ ‘ಎಲ್ಲ ಬಾಗಿಲೂ ಮುಚ್ಚಿದೆ’ ಎಂದಲ್ಲ. ನೆಲೆಯ ಮಿಲಿಟರಿ ಪೊಲೀಸರಿಗೆ ಅಪರಾಧದ ದೂರು ಕೊಡಲು ಯಾವ ದೇಶದ ಪಾಸ್‌ಪೋರ್ಟ್ ಆದರೂ ಅಡ್ಡಿಯಿಲ್ಲ. ಉಳಿದ ಬಾಗಿಲುಗಳ ವಿಷಯ ಮುಂದೆ ಬರುತ್ತದೆ.

ಮೊದಲ ಗಂಟೆಗಳು: ದೇಹಕ್ಕೆ ಬೇಕಾದದ್ದು

ಕಾನೂನು ಕಾಯಬಹುದು, ಕೆಲವು ಔಷಧಗಳು ಕಾಯುವುದಿಲ್ಲ. ಹಾಗಾಗಿ ಗಡಿಯಾರ ಮುಖ್ಯ.

- ಎಚ್‌ಐವಿ ತಡೆ ಔಷಧ (ಪೆಪ್): 72 ಗಂಟೆಯೊಳಗೆ ಶುರು ಮಾಡಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. 28 ದಿನ ಬಿಡದೆ ತೆಗೆದುಕೊಳ್ಳಬೇಕು.
- ತುರ್ತು ಗರ್ಭನಿರೋಧಕ: ಲೆವೊನಾರ್ಜೆಸ್ಟ್ರೆಲ್ ಮಾತ್ರೆ 72 ಗಂಟೆಯೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ, ತಡವಾದಷ್ಟೂ ಅದರ ಬಲ ಕುಗ್ಗುತ್ತದೆ. ಯೂಲಿಪ್ರಿಸ್ಟಲ್ ಎಂಬ ಮಾತ್ರೆ ಮತ್ತು ತಾಮ್ರದ ವಂಕಿ (ಕಾಪರ್-ಟಿ) 120 ಗಂಟೆ, ಅಂದರೆ ಐದು ದಿನದವರೆಗೂ ಉಪಯೋಗಕ್ಕೆ ಬರುತ್ತವೆ.
- ಇತರ ಸೋಂಕುಗಳು: ಲೈಂಗಿಕ ಸೋಂಕುಗಳಿಗೆ ಆ್ಯಂಟಿಬಯಾಟಿಕ್, ಅಗತ್ಯವಿದ್ದರೆ ಹೆಪಟೈಟಿಸ್-ಬಿ ಲಸಿಕೆ, ಗಾಯವಾಗಿದ್ದರೆ ಧನುರ್ವಾಯು ಚುಚ್ಚುಮದ್ದು.
- ಮತ್ತು ಬರಿಸಿದ ಅನುಮಾನವಿದ್ದರೆ: ಮೊದಲ ಮೂತ್ರವನ್ನು ಪರೀಕ್ಷೆಗೆ ಉಳಿಸಬೇಕು. ಪಾನೀಯಕ್ಕೆ ಬೆರೆಸುವ ಕೆಲವು ಪದಾರ್ಥಗಳ ಸುಳಿವು ಸುಮಾರು 12 ಗಂಟೆಯಲ್ಲೇ ಮೂತ್ರದಿಂದ ಮಾಯವಾಗುತ್ತದೆ.

ಸಾಕ್ಷ್ಯ ಸಂಗ್ರಹದ ವೈದ್ಯಕೀಯ ಪರೀಕ್ಷೆಗೂ ಮೊದಲ 72 ಗಂಟೆಗಳೇ ಉತ್ತಮ. ಐದು ದಿನಗಳವರೆಗೂ, ಕೆಲವು ಕಡೆ ಅದಕ್ಕೂ ಮೀರಿ ಮಾಡುವುದುಂಟು. ಆದಷ್ಟು ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋಗುವುದು ಒಳ್ಳೆಯದು. ಬಟ್ಟೆ ಬದಲಿಸಿದ್ದರೆ ಬಿಚ್ಚಿದ್ದನ್ನು ಕಾಗದದ ಚೀಲದಲ್ಲಿ ಹಾಕಿಡಿ, ಪ್ಲಾಸ್ಟಿಕ್‌ನಲ್ಲಿ ಬೇಡ. ಪ್ಲಾಸ್ಟಿಕ್‌ನಲ್ಲಿ ತೇವ ಉಳಿದು ಬ್ಯಾಕ್ಟೀರಿಯಾ ಬೆಳೆಯುತ್ತವೆ, ಅವು ಡಿಎನ್ಎಯನ್ನು ಹಾಳುಮಾಡುತ್ತವೆ.

ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ಒಂದು ನಿಯಮವಿದೆ: ಹೊರಗೆ ಗಾಯ ಕಾಣಲಿ, ಕಾಣದಿರಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರನ್ನು ತುರ್ತು ರೋಗಿ ಎಂದೇ ನೋಡಬೇಕು. ಬಾಗಿಲಲ್ಲಿ ಯಾರಾದರೂ ‘ನಿಮಗೆ ರಕ್ತ ಬರುತ್ತಿಲ್ಲವಲ್ಲ, ನಾಳೆ ಬನ್ನಿ’ ಎಂದರೆ ಅದು ನಿಯಮಕ್ಕೆ ವಿರುದ್ಧ.

ತಪ್ಪು ಕಲ್ಪನೆ 1: ‘ಸ್ನಾನ ಮಾಡಿಬಿಟ್ಟೆ, ಇನ್ನು ಸಾಕ್ಷ್ಯವೇ ಇಲ್ಲ’

ಮೈ ತೊಳೆದುಕೊಳ್ಳಬೇಕು ಎನಿಸುವುದು ಸಹಜ. ಹೆಚ್ಚಿನವರು ಮಾಡುವುದೂ ಅದನ್ನೇ. ಸ್ನಾನದಿಂದ ಸಾಕ್ಷ್ಯ ಕಡಿಮೆಯಾಗಬಹುದು, ಪೂರ್ತಿ ಇಲ್ಲವಾಗುವುದಿಲ್ಲ. ದೇಹದ ಒಳಭಾಗದಿಂದ ತೆಗೆದ ಮಾದರಿ, ಬಟ್ಟೆ, ಹಾಸಿಗೆ, ಮೈಮೇಲಿನ ಗುರುತು, ಫೋನಿನಲ್ಲಿರುವ ಸಂದೇಶ, ಗೇಟಿನ ಕ್ಯಾಮೆರಾ, ಬ್ಯಾಡ್ಜ್ ಸ್ಕ್ಯಾನ್ ಆದ ಸಮಯ, ಮೊದಲು ಯಾರ ಬಳಿ ಹೇಳಿಕೊಂಡಿರಿ ಎಂಬುದು, ಇವೆಲ್ಲವೂ ಸಾಕ್ಷ್ಯವೇ. ಸೇನಾ ನೆಲೆಯಲ್ಲಿ ಒಳಗೆ ಬಂದವರ, ಹೊರಗೆ ಹೋದವರ ಲೆಕ್ಕ ಊರಿನ ಬೀದಿಗಿಂತ ಎಷ್ಟೋ ಚೆನ್ನಾಗಿ ಇರುತ್ತದೆ.

ತಪ್ಪು ಕಲ್ಪನೆ 2: ‘ಕಿರುಚಲಿಲ್ಲ, ಓಡಲಿಲ್ಲ ಅಂದರೆ ಒಪ್ಪಿಗೆಯಿತ್ತು’

ಅಪಾಯ ಎದುರಾದಾಗ ದೇಹ ಹೋರಾಡುತ್ತದೆ ಅಥವಾ ಓಡುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಮೂರನೆಯದೊಂದು ಉಂಟು: ಮರಗಟ್ಟಿಹೋಗುವುದು. ಹಾವಿನ ಬಾಯಿಗೆ ಸಿಕ್ಕ ಕಪ್ಪೆ ಮಿಸುಕಾಡದೆ ಬಿದ್ದಿರುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಮನುಷ್ಯರಲ್ಲೂ ತೀವ್ರ ಭಯ ಮತ್ತು ತಪ್ಪಿಸಿಕೊಳ್ಳಲಾಗದ ಸ್ಥಿತಿ ಒಟ್ಟಿಗೆ ಬಂದಾಗ ಕೈಕಾಲು ಅಲುಗದು, ದನಿ ಹೊರಡದು. ಇದು ಇಚ್ಛೆಯಿಂದ ಆಗುವುದಲ್ಲ, ನರಮಂಡಲದ ಪ್ರತಿಕ್ರಿಯೆ.

ಸ್ಟಾಕ್‌ಹೋಮ್‌ನ ತುರ್ತು ಚಿಕಿತ್ಸಾ ಘಟಕವೊಂದಕ್ಕೆ ಅತ್ಯಾಚಾರದ ನಂತರ ಬಂದ 298 ಮಹಿಳೆಯರನ್ನು ಅಧ್ಯಯನ ಮಾಡಿ 2017ರಲ್ಲಿ ಒಂದು ವರದಿ ಪ್ರಕಟವಾಯಿತು. ಅವರಲ್ಲಿ ಶೇ. 70ರಷ್ಟು ಮಂದಿಗೆ ಗಣನೀಯ ಪ್ರಮಾಣದ ಮರಗಟ್ಟುವಿಕೆ ಆಗಿತ್ತು. ಹಾಗೆ ಆದವರಲ್ಲಿ ಮುಂದೆ ಆಘಾತೋತ್ತರ ಮಾನಸಿಕ ತೊಂದರೆ ಮತ್ತು ಖಿನ್ನತೆ ಹೆಚ್ಚಾಗಿ ಕಂಡುಬಂದವು. ಅಂದರೆ ‘ಯಾಕೆ ಕೂಗಲಿಲ್ಲ?’ ಎಂದು ಕೇಳುವ ಹೊತ್ತಿಗೆ ನಾವು ಹೆಚ್ಚು ಪೆಟ್ಟಾದವರನ್ನೇ ಹೆಚ್ಚು ಅನುಮಾನಿಸುತ್ತಿರುತ್ತೇವೆ.

ನೆನಪಿನದೂ ಇದೇ ಕಥೆ. ಗೋಡೆಯ ಬಣ್ಣ, ಒಂದು ವಾಸನೆ ಸ್ಪಷ್ಟವಾಗಿ ನೆನಪಿರುತ್ತದೆ. ಗಂಟೆ ಎಷ್ಟಾಗಿತ್ತು, ಯಾವುದರ ನಂತರ ಯಾವುದು ಆಯಿತು ಎಂಬುದು ಕಲಸಿಹೋಗಿರುತ್ತದೆ. ಹೇಳಿಕೆ ತುಂಡುತುಂಡಾಗಿದೆ ಎಂದ ಮಾತ್ರಕ್ಕೆ ಸುಳ್ಳಲ್ಲ. ಗೊತ್ತಿಲ್ಲದ್ದನ್ನು ‘ನೆನಪಿಲ್ಲ’ ಎನ್ನಿ, ಊಹಿಸಿ ತುಂಬಿಸಬೇಡಿ.

ತಪ್ಪು ಕಲ್ಪನೆ 3: ‘ಗಂಡಸರಿಗೆ ಹೀಗಾಗುವುದಿಲ್ಲ’

2023ರ ಆರ್ಥಿಕ ವರ್ಷಕ್ಕೆ ಅಮೆರಿಕದ ರಕ್ಷಣಾ ಇಲಾಖೆ ನಡೆಸಿದ ಸಮೀಕ್ಷೆಯ ಪ್ರಕಾರ ಸಕ್ರಿಯ ಸೇವೆಯಲ್ಲಿದ್ದ ಮಹಿಳೆಯರಲ್ಲಿ ಶೇ. 6.8, ಗಂಡಸರಲ್ಲಿ ಶೇ. 1.3ರಷ್ಟು ಮಂದಿ ಆ ಹಿಂದಿನ ಒಂದು ವರ್ಷದಲ್ಲಿ ಬಲವಂತದ ಲೈಂಗಿಕ ಸಂಪರ್ಕಕ್ಕೆ ಒಳಗಾಗಿದ್ದರು. ಶೇಕಡಾವಾರು ನೋಡಿದರೆ ಗಂಡಸರ ಪಾಲು ಚಿಕ್ಕದು. ಆದರೆ ಸೇನೆಯಲ್ಲಿ ಗಂಡಸರೇ ಹೆಚ್ಚು. ಹಾಗಾಗಿ ಒಟ್ಟು ಅಂದಾಜು ಸುಮಾರು 29,000 ಮಂದಿಯಲ್ಲಿ ಅರ್ಧದ ಹತ್ತಿರ ಗಂಡಸರೇ. ಇವು ಸೈನಿಕರ ಅಂಕಿಅಂಶಗಳು. ನೆಲೆಗಳಲ್ಲಿ ದುಡಿಯುವ ವಿದೇಶಿ ಕೆಲಸಗಾರರನ್ನು ಈ ಸಮೀಕ್ಷೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದೇ ಕೋಣೆಯಲ್ಲಿ ಎಂಟು ಮಂದಿ ಗಂಡಸರು ಮಲಗುವ ಲೇಬರ್ ಕ್ಯಾಂಪಿನಲ್ಲಿ ಒಬ್ಬ ಹುಡುಗನ ಮೇಲೆ ದೌರ್ಜನ್ಯವಾದರೆ ಅವನು ಬಾಯಿಬಿಡಲು ಎಷ್ಟು ಹಿಂಜರಿಯಬಹುದು ಎಂದು ಯೋಚಿಸಿ. ಮೇಲೆ ಹೇಳಿದ ಔಷಧ, ಪರೀಕ್ಷೆ, ದೂರಿನ ದಾರಿ ಎಲ್ಲವೂ ಅವನಿಗೂ ಅಷ್ಟೇ ಅನ್ವಯ (ಗರ್ಭನಿರೋಧಕವೊಂದನ್ನು ಬಿಟ್ಟು).

ಎರಡು ಬಗೆಯ ವರದಿ: ಗೋಪ್ಯ ಮತ್ತು ಮುಕ್ತ

ಅಮೆರಿಕದ ಸೇನೆಯಲ್ಲಿ ಲೈಂಗಿಕ ದೌರ್ಜನ್ಯವನ್ನು ವರದಿ ಮಾಡಲು ಎರಡು ದಾರಿಗಳಿವೆ.

*ಗೋಪ್ಯ ವರದಿ:* ಚಿಕಿತ್ಸೆ ಸಿಗುತ್ತದೆ, ಸಹಾಯಕರು ಸಿಗುತ್ತಾರೆ, ಸಾಕ್ಷ್ಯವನ್ನೂ ತೆಗೆದು ಹೆಸರಿನ ಬದಲು ಒಂದು ಸಂಖ್ಯೆ ಬರೆದು ಇಡುತ್ತಾರೆ. ಆದರೆ ತನಿಖೆ ಶುರುವಾಗುವುದಿಲ್ಲ, ಮೇಲಧಿಕಾರಿಗೆ ನಿಮ್ಮ ಹೆಸರು ಹೋಗುವುದಿಲ್ಲ. ಮುಂದೆ ಮನಸ್ಸು ಬದಲಾದರೆ ಇದನ್ನು ಮುಕ್ತ ವರದಿಯಾಗಿ ಬದಲಿಸಬಹುದು.

*ಮುಕ್ತ ವರದಿ:* ಸೇನೆಯ ಅಪರಾಧ ತನಿಖಾ ದಳಕ್ಕೆ ವಿಷಯ ಹೋಗುತ್ತದೆ, ಮೇಲಧಿಕಾರಿಗೂ ತಿಳಿಯುತ್ತದೆ. ಒಮ್ಮೆ ಈ ದಾರಿ ಹಿಡಿದರೆ ಹಿಂದಿರುಗಿ ಗೋಪ್ಯ ವರದಿಗೆ ಬರಲಾಗದು.

ರಕ್ಷಣಾ ಇಲಾಖೆಯ ನಿಯಮ ಬಹುಕಾಲ ನಾಗರಿಕ ನೌಕರರಿಗೂ ಗುತ್ತಿಗೆ ನೌಕರರಿಗೂ ಮುಕ್ತ ವರದಿಯೊಂದನ್ನೇ ಕೊಟ್ಟಿತ್ತು. ಸೈನಿಕಳಿಗಿದ್ದ ‘ಮೊದಲು ಚಿಕಿತ್ಸೆ, ದೂರಿನ ಮಾತು ಆಮೇಲೆ’ ಎಂಬ ಆಯ್ಕೆ ಪಕ್ಕದ ಮೇಜಿನಲ್ಲಿ ಕೂತ ನಾಗರಿಕ ನೌಕರಳಿಗೆ ಇರಲಿಲ್ಲ. ಈ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತ ಬಂದಿವೆ, ಸೇನೆಯ ಬೇರೆ ಬೇರೆ ವಿಭಾಗಗಳಲ್ಲಿ ವ್ಯತ್ಯಾಸವೂ ಇದೆ. ಹಾಗಾಗಿ ಒಂದು ಉಪಾಯ ನೆನಪಿಡಿ: ಸಾರ್ಕ್ ಅಥವಾ ಸಹಾಯಕರ ಮುಂದೆ ಕುಳಿತಾಗ ಹೆಸರು, ವಿವರ ಹೇಳುವ ಮೊದಲು ಹೀಗೆ ಕೇಳಿ: ‘ನಾನು ಇಂಥ ಕಂಪನಿಯ ನೌಕರಳು. ನನಗೆ ಗೋಪ್ಯ ವರದಿಯ ಆಯ್ಕೆ ಇದೆಯೇ? ನಾನು ಹೇಳುವುದು ಯಾರಿಗೆ ಹೋಗುತ್ತದೆ?’ ಉತ್ತರ ಸಿಕ್ಕ ಮೇಲೆ ಮುಂದಿನ ಮಾತು.

ಯಾರಿಗೆ ಮೊದಲು ಹೇಳುತ್ತೀರಿ ಎಂಬುದೂ ಮುಖ್ಯ. ಸೂಪರ್‌ವೈಸರ್‌ಗೋ ಮೇಲಧಿಕಾರಿಗೋ ಹೇಳಿದರೆ ಅವರು ಮುಂದಕ್ಕೆ ತಿಳಿಸಲೇಬೇಕಾಗಬಹುದು, ಆಗ ಗೋಪ್ಯತೆ ಉಳಿಯುವುದು ಕಷ್ಟ. ಇಷ್ಟು ಯೋಚಿಸಲೂ ಆಗದ ಸ್ಥಿತಿಯಿದ್ದರೆ ‘ಸೇಫ್ ಹೆಲ್ಪ್‌ಲೈನ್’ ಎಂಬ ಸಹಾಯವಾಣಿ ಇದೆ. 2011ರಲ್ಲಿ ಶುರುವಾದ ಇದರಲ್ಲಿ ಫೋನಿನಲ್ಲಿ ಅಥವಾ ಚಾಟ್‌ನಲ್ಲಿ ಹೆಸರು ಹೇಳದೆಯೇ ಮಾತಾಡಬಹುದು. ಅಮೆರಿಕದ ಸಂಖ್ಯೆ 877-995-5247. ಇಲ್ಲಿ ಮಾತಾಡಿದ್ದು ದೂರು ಎಂದು ದಾಖಲಾಗುವುದಿಲ್ಲ.

ತಪ್ಪು ಕಲ್ಪನೆ 4: ‘ನೆಲೆಯೊಳಗೆ ನಾಗರಿಕರಿಗೆ ಯಾವ ಕಾನೂನೂ ಇಲ್ಲ’

ಈ ಮಾತಿಗೆ ಹಿಂದೊಮ್ಮೆ ಆಧಾರವಿತ್ತು. ವಿದೇಶದಲ್ಲಿ ಸೇನೆಯ ಜೊತೆಗಿರುವ ನಾಗರಿಕರನ್ನು ಶಾಂತಿಕಾಲದಲ್ಲಿ ಸೇನಾ ನ್ಯಾಯಾಲಯ ವಿಚಾರಿಸುವುದನ್ನು 1957ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತಡೆಯಿತು. ಅಮೆರಿಕದ ಸಾಮಾನ್ಯ ನ್ಯಾಯಾಲಯಗಳ ಕೈ ಆ ದೇಶಗಳಿಗೆ ಚಾಚುತ್ತಿರಲಿಲ್ಲ. ನೆಲೆ ಇರುವ ದೇಶ ತಲೆಹಾಕದಿದ್ದರೆ ಆರೋಪಿ ಕೆಲಸ ಕಳೆದುಕೊಂಡು ವಿಮಾನ ಹತ್ತುತ್ತಿದ್ದ, ಅಷ್ಟೇ.

ಈ ಕಂದಕವನ್ನು ಮುಚ್ಚಲು 2000ದಲ್ಲಿ ಒಂದು ಕಾಯಿದೆ ಬಂತು. ಅದನ್ನು ‘ಮೀಜಾ’ ಎಂದು ಕರೆಯುತ್ತಾರೆ. ಅಮೆರಿಕದ ಸೇನೆಗೆ ವಿದೇಶದಲ್ಲಿ ದುಡಿಯುವ ಅಥವಾ ಅದರ ಜೊತೆಗಿರುವ ನಾಗರಿಕ ಒಂದು ವರ್ಷಕ್ಕಿಂತ ಹೆಚ್ಚಿನ ಜೈಲು ಶಿಕ್ಷೆಯಾಗುವಂಥ ಅಪರಾಧ ಮಾಡಿದರೆ ಅಮೆರಿಕದ ಫೆಡರಲ್ ನ್ಯಾಯಾಲಯದಲ್ಲಿ ವಿಚಾರಣೆ ನಡೆಸಬಹುದು. ಅತ್ಯಾಚಾರ ಇದರಲ್ಲಿ ಬರುತ್ತದೆ. 2004ರಲ್ಲಿ ಇದನ್ನು ವಿಸ್ತರಿಸಿ, ರಕ್ಷಣಾ ಇಲಾಖೆಯ ಕೆಲಸಕ್ಕೆ ನೆರವಾಗುವ ಬೇರೆ ಇಲಾಖೆಗಳ ಗುತ್ತಿಗೆದಾರರನ್ನೂ ಸೇರಿಸಿದರು. ಆರೋಪಿ ಭಾರತೀಯನೋ ನೇಪಾಳಿಯೋ ಆಗಿದ್ದರೂ ಇದು ಅನ್ವಯಿಸುತ್ತದೆ. ಆದರೆ ಆರೋಪಿ ನೆಲೆ ಇರುವ ದೇಶದ ಪ್ರಜೆಯೇ ಆಗಿದ್ದರೆ ಅನ್ವಯಿಸುವುದಿಲ್ಲ, ಅವನನ್ನು ನೋಡಿಕೊಳ್ಳುವುದು ಅವನ ದೇಶದ ಕಾನೂನು. 2006ರಲ್ಲಿ ಇನ್ನೊಂದು ತಿದ್ದುಪಡಿಯಾಗಿ, ಸೇನಾ ಕಾರ್ಯಾಚರಣೆ ನಡೆಯುವ ಪ್ರದೇಶದಲ್ಲಿರುವ ನಾಗರಿಕರನ್ನು ಸೇನಾ ನ್ಯಾಯಾಲಯವೂ ವಿಚಾರಿಸಲು ಅವಕಾಶವಾಯಿತು.

ಆರೋಪಿ ಅಮೆರಿಕದ ಸೈನಿಕನೇ ಆಗಿದ್ದರೆ ಸೇನಾ ಕಾನೂನು ನೇರವಾಗಿ ಅನ್ವಯಿಸುತ್ತದೆ, ದೂರು ಕೊಟ್ಟವರು ಯಾವ ದೇಶದವರೇ ಆಗಿರಲಿ. 2023ರ ಡಿಸೆಂಬರ್ ಕೊನೆಯಿಂದ ಇಂಥ ಪ್ರಕರಣಗಳಲ್ಲಿ ಮೊಕದ್ದಮೆ ಹೂಡಬೇಕೇ ಎಂಬ ನಿರ್ಧಾರ ಆರೋಪಿಯ ಕಮಾಂಡರ್ ಕೈಯಲ್ಲಿಲ್ಲ, ಸ್ವತಂತ್ರ ವಿಶೇಷ ಅಭಿಯೋಜಕರ ಕೈಯಲ್ಲಿದೆ.

ಇನ್ನು ಆರೋಪಿ ಭಾರತೀಯನೇ ಆಗಿದ್ದರೆ? ಲೇಬರ್ ಕ್ಯಾಂಪ್‌ಗಳಲ್ಲಿ ಇದು ಅಪರೂಪವೇನಲ್ಲದ ಪ್ರಶ್ನೆ. ಭಾರತೀಯ ಪ್ರಜೆ ಹೊರದೇಶದಲ್ಲಿ ಮಾಡಿದ ಅಪರಾಧಕ್ಕೂ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಊರಿಗೆ ಮರಳಿದ ಮೇಲೂ ಇಲ್ಲಿನ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ವಿಚಾರಣೆ ಮುಂದುವರಿಯಲು ಕೇಂದ್ರ ಸರ್ಕಾರದ ಅನುಮತಿ ಬೇಕು. ಠಾಣೆಯಲ್ಲಿ ‘ಅದು ಕುವೈತ್‌ನಲ್ಲಿ ಆದದ್ದು, ನಮಗೆ ಬರುವುದಿಲ್ಲ’ ಎಂದು ಕಳುಹಿಸಿದರೆ ಈ ಮಾತನ್ನು ನೆನಪಿಸಿ.

ನೆಲೆಯ ಹೊರಗೆ ಕಾಲಿಡುವ ಮೊದಲು ಒಂದು ಎಚ್ಚರಿಕೆ

ಜರ್ಮನಿ, ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ನೆಲೆಯ ಹೊರಗಿನ ಪೊಲೀಸರಿಗೂ ಆಸ್ಪತ್ರೆಗೂ ಹೋಗಬಹುದು. ಕೆಲವು ಗಲ್ಫ್ ದೇಶಗಳಲ್ಲಿ ಪರಿಸ್ಥಿತಿ ಬೇರೆ. ಮದುವೆಯ ಹೊರಗಿನ ಲೈಂಗಿಕ ಸಂಬಂಧವೇ ಅಲ್ಲಿ ಅಪರಾಧ. ಬಲವಂತವಾಗಿತ್ತು ಎಂದು ಪೊಲೀಸರಿಗೆ ಒಪ್ಪಿಸಲಾಗದಿದ್ದರೆ ದೂರು ಕೊಟ್ಟವಳ ಮೇಲೆಯೇ ಪ್ರಕರಣ ಬೀಳಬಹುದು. 2013ರಲ್ಲಿ ದುಬೈನಲ್ಲಿ ಅತ್ಯಾಚಾರದ ದೂರು ಕೊಟ್ಟ ನಾರ್ವೆಯ ಮಹಿಳೆಯೊಬ್ಬರಿಗೆ 16 ತಿಂಗಳ ಜೈಲು ಶಿಕ್ಷೆಯಾಯಿತು. ಜಗತ್ತಿನಾದ್ಯಂತ ಗದ್ದಲವಾದ ಮೇಲೆ ಕ್ಷಮಾದಾನ ಕೊಟ್ಟು ಬಿಟ್ಟರು. ಆ ಬಳಿಕ ಅಲ್ಲಿ ಕಾನೂನು ಕೊಂಚ ಸಡಿಲವಾಗಿದೆ, ಆದರೆ ಎಲ್ಲ ದೇಶಗಳಲ್ಲೂ ಅಲ್ಲ.

ಇದರರ್ಥ ಸುಮ್ಮನಿರಿ ಎಂದಲ್ಲ, ಅನುಕ್ರಮ ಸರಿಯಿರಲಿ ಎಂದು. ನೆಲೆಯ ಒಳಗಿನ ವೈದ್ಯಕೀಯ ಘಟಕಕ್ಕೆ ಹೋಗಲು ಸಾಧ್ಯವಿದ್ದರೆ ಮೊದಲು ಅಲ್ಲಿಗೆ ಹೋಗಿ. ಸ್ಥಳೀಯ ಪೊಲೀಸರ ಬಳಿ ಹೋಗುವ ಮೊದಲು ನಿಮ್ಮ ದೇಶದ ರಾಯಭಾರ ಕಚೇರಿಗೆ ಫೋನ್ ಮಾಡಿ, ಒಬ್ಬರನ್ನು ಜೊತೆಗೆ ಕಳುಹಿಸಲು ಕೇಳಿ. ಭಾರತೀಯ ರಾಯಭಾರ ಕಚೇರಿಗಳ ಬಳಿ 2009ರಿಂದ ‘ಭಾರತೀಯ ಸಮುದಾಯ ಕಲ್ಯಾಣ ನಿಧಿ’ ಎಂಬ ಹಣವಿದೆ. ಸಂಕಟದಲ್ಲಿರುವ ಬಡ ಪ್ರಜೆಗಳಿಗೆ ತಂಗಲು ಜಾಗ, ತುರ್ತು ಚಿಕಿತ್ಸೆ, ಕಾನೂನು ನೆರವು, ಊರಿಗೆ ಟಿಕೆಟ್ ಕೊಡಲು ಅದನ್ನು ಬಳಸಬಹುದು. ವಿದೇಶಾಂಗ ಇಲಾಖೆಯ ‘ಮದದ್’ ಜಾಲತಾಣದಲ್ಲಿ ಊರಿನಲ್ಲಿರುವ ಸಂಬಂಧಿಕರೂ ದೂರು ದಾಖಲಿಸಬಹುದು. ದಾಖಲಾದ ಸಂಖ್ಯೆ ಬರೆದಿಟ್ಟುಕೊಳ್ಳಿ.

ತಪ್ಪು ಕಲ್ಪನೆ 5: ‘ಕಾಗದಕ್ಕೆ ಸಹಿ ಹಾಕಿದ್ದೇನೆ, ಇನ್ನು ಏನೂ ಮಾಡುವಂತಿಲ್ಲ’

ಗುತ್ತಿಗೆ ಕಂಪನಿಗಳ ನೇಮಕಾತಿ ಪತ್ರದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತಿತ್ತು: ಏನೇ ತಕರಾರು ಬಂದರೂ ನ್ಯಾಯಾಲಯಕ್ಕೆ ಹೋಗುವಂತಿಲ್ಲ, ಮುಚ್ಚಿದ ಬಾಗಿಲ ಹಿಂದೆ ಮಧ್ಯಸ್ಥಿಕೆಯಲ್ಲೇ ಬಗೆಹರಿಸಿಕೊಳ್ಳಬೇಕು. 2005ರಲ್ಲಿ ಬಾಗ್ದಾದ್‌ನಲ್ಲಿ ಕೆಬಿಆರ್ ಕಂಪನಿಗೆ ದುಡಿಯುತ್ತಿದ್ದ ಅಮೆರಿಕದ ಯುವತಿಯೊಬ್ಬರು ಸಹೋದ್ಯೋಗಿಗಳು ತನ್ನ ಮೇಲೆ ಅತ್ಯಾಚಾರ ಎಸಗಿದರು ಎಂದು ಆರೋಪಿಸಿದಾಗ ಈ ಸಾಲು ಸುದ್ದಿಗೆ ಬಂತು. ವರ್ಷಗಟ್ಟಲೆ ನಡೆದ ವಾದ ಆರೋಪ ನಿಜವೇ ಎಂಬುದರ ಮೇಲಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತಬಹುದೇ ಎಂಬುದರ ಮೇಲೆ. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಹತ್ತಬಹುದು ಎಂದಿತು. 2011ರಲ್ಲಿ ಜ್ಯೂರಿ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಆಕೆ ಗೆಲ್ಲಲಿಲ್ಲ. ಆದರೆ ಅಷ್ಟರಲ್ಲಿ ಕಾನೂನು ಬದಲಾಗಿತ್ತು: 10 ಲಕ್ಷ ಡಾಲರ್ ಮೀರಿದ ರಕ್ಷಣಾ ಗುತ್ತಿಗೆ ಪಡೆಯುವ ಕಂಪನಿ ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ನೌಕರರ ಮೇಲೆ ಮಧ್ಯಸ್ಥಿಕೆಯನ್ನು ಹೇರುವಂತಿಲ್ಲ ಎಂಬ ಷರತ್ತು ಬಂತು. 2022ರ ಮಾರ್ಚ್‌ನಲ್ಲಿ ಅಮೆರಿಕ ಇದನ್ನು ಎಲ್ಲ ಕಂಪನಿಗಳಿಗೂ ವಿಸ್ತರಿಸಿತು.

ವಿದೇಶಿ ಕೆಲಸಗಾರರಿಗೆ ಇನ್ನೂ ಮೂರು ವಿಷಯ ಗೊತ್ತಿರಬೇಕು.

ವಿಮೆ. 1941ರ ‘ಡಿಫೆನ್ಸ್ ಬೇಸ್ ಆ್ಯಕ್ಟ್’ ಪ್ರಕಾರ ಅಮೆರಿಕದ ವಿದೇಶಿ ಸೇನಾ ನೆಲೆಗಳಲ್ಲಿ ಗುತ್ತಿಗೆ ಕೆಲಸ ಮಾಡುವವರಿಗೆ ಕಂಪನಿ ವಿಮೆ ಮಾಡಿಸಲೇಬೇಕು. ಇದು ಎಲ್ಲ ದೇಶದ ಕೆಲಸಗಾರರಿಗೂ ಅನ್ವಯ. ಕೆಲಸದ ಕಾರಣದಿಂದ ಬೇರೆಯವರು ಎಸಗಿದ ಹಲ್ಲೆಯಿಂದಾದ ಗಾಯವೂ, ಮಾನಸಿಕ ತೊಂದರೆಯೂ ಇದರಡಿ ಬರಬಹುದು. ಕಂಪನಿಗೆ 30 ದಿನದೊಳಗೆ ಲಿಖಿತವಾಗಿ ತಿಳಿಸುವುದು, ಒಂದು ವರ್ಷದೊಳಗೆ ಅರ್ಜಿ ಹಾಕುವುದು ಸಾಮಾನ್ಯ ನಿಯಮ. ಅನೇಕರಿಗೆ ಈ ವಿಮೆ ಇದೆಯೆಂದೇ ಗೊತ್ತಿರುವುದಿಲ್ಲ.

ಪಾಸ್‌ಪೋರ್ಟ್. ಅಮೆರಿಕ ಸರ್ಕಾರದ ಗುತ್ತಿಗೆ ಪಡೆದ ಕಂಪನಿ ಅಥವಾ ಅದರ ಉಪಗುತ್ತಿಗೆದಾರ ನೌಕರರ ಪಾಸ್‌ಪೋರ್ಟ್ ಕಸಿದಿಟ್ಟುಕೊಳ್ಳುವಂತಿಲ್ಲ, ನೇಮಕಾತಿಗೆ ಶುಲ್ಕ ವಸೂಲಿ ಮಾಡುವಂತಿಲ್ಲ. ‘ದೂರು ಕೊಟ್ಟರೆ ಪಾಸ್‌ಪೋರ್ಟ್ ಕೊಡುವುದಿಲ್ಲ, ಏಜೆಂಟ್ ಸಾಲ ತೀರಿಸು’ ಎಂದು ಹೆದರಿಸುವುದು ಮಾನವ ಕಳ್ಳಸಾಗಣೆ ತಡೆ ನಿಯಮಗಳ ಉಲ್ಲಂಘನೆ. ಇದಕ್ಕೆ ಕಂಪನಿ ಗುತ್ತಿಗೆಯನ್ನೇ ಕಳೆದುಕೊಳ್ಳಬಹುದು. ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಗೆ ಇಂಥ ದೂರು ಕೊಡಬಹುದು.

ಮಾಹಿತಿ. ವಿದೇಶದಲ್ಲಿ ಸೇನೆಯ ಜೊತೆಗಿರುವ ಗುತ್ತಿಗೆ ನೌಕರರಿಗೆ ಅಪರಾಧವಾದರೆ ಎಲ್ಲಿ ದೂರು ಕೊಡಬೇಕು, ಸಂತ್ರಸ್ತರಿಗೆ ನೆರವು ಎಲ್ಲಿ ಸಿಗುತ್ತದೆ ಎಂದು ಮೊದಲೇ ತಿಳಿಸುವುದು ಕಂಪನಿಯ ಹೊಣೆ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕೇಳಿ ಬರೆದುಕೊಳ್ಳಿ. ಏನೂ ಆಗದಿರುವಾಗ ಕೇಳುವುದು ಸುಲಭ.

ಅಮೆರಿಕದ ಪ್ರಜೆಗಳಿಗೆ ಇನ್ನೊಂದು ದಾರಿ ಉಂಟು. ಅಲ್ಲಿನ ಉದ್ಯೋಗ ತಾರತಮ್ಯ ವಿರೋಧಿ ಕಾನೂನು ಅಮೆರಿಕದ ಕಂಪನಿಗಾಗಿ ವಿದೇಶದಲ್ಲಿ ದುಡಿಯುವ ಅಮೆರಿಕದ ಪ್ರಜೆಗಳನ್ನೂ ಕಾಯುತ್ತದೆ. ರಕ್ಷಣಾ ಇಲಾಖೆಯ ನಾಗರಿಕ ನೌಕರರು 45 ದಿನದೊಳಗೆ ಸಮಾನ ಅವಕಾಶ ಸಲಹೆಗಾರರನ್ನು ಕಾಣಬೇಕು. ಅಮೆರಿಕದ ಪೌರತ್ವ ಪಡೆದು ಇಂಥ ಕೆಲಸದಲ್ಲಿರುವ ಕನ್ನಡಿಗರಿಗೂ ಇದು ಅನ್ವಯ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಈ ಕಾನೂನು ವಿದೇಶದಲ್ಲಿ ಅನ್ವಯಿಸುವುದಿಲ್ಲ.

ಫೋನಿನ ಈ ತುದಿಯಲ್ಲಿ ನೀವಿದ್ದರೆ

ಒಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ನೆಲೆಯ ಮೆಸ್‌ನಲ್ಲಿ ದುಡಿಯುವ ತಂಗಿ ಅಪರಾತ್ರಿಯಲ್ಲಿ ಕುಂದಾಪುರಕ್ಕೆ ಫೋನ್ ಮಾಡುತ್ತಾಳೆ. ‘ಅಕ್ಕ, ಒಂದು ವಿಷಯ ಹೇಳ್ಬೇಕು, ಅಮ್ಮನಿಗೆ ಹೇಳಬೇಡ’ ಎನ್ನುತ್ತಾಳೆ. ಆಗ ನಿಮ್ಮ ಬಾಯಿಂದ ಬರುವ ಮೊದಲ ಮಾತು ಮುಂದಿನದನ್ನೆಲ್ಲ ನಿರ್ಧರಿಸಬಹುದು.

‘ಅಷ್ಟೊತ್ತಿಗೆ ಅಲ್ಲಿಗೆ ಯಾಕೆ ಹೋದೆ?’ ಎಂದರೆ ಫೋನ್ ಅಲ್ಲಿಗೇ ಕಟ್. ‘ಹೇಳಿದ್ದು ಒಳ್ಳೇದಾಯ್ತು. ನಿನ್ನ ತಪ್ಪಲ್ಲ. ಈಗ ಎಲ್ಲಿದ್ದೀಯ, ಬಾಗಿಲು ಹಾಕಿಕೊಂಡಿದ್ದೀಯ?’ ಎಂದು ಕೇಳಿದರೆ ಅವಳು ಉಸಿರು ಬಿಟ್ಟು ಮಾತಾಡುತ್ತಾಳೆ. ಮೊದಲು ಅವಳು ಸುರಕ್ಷಿತವಾಗಿದ್ದಾಳೆಯೇ ಎಂದು ತಿಳಿಯಿರಿ. ಎಷ್ಟು ಗಂಟೆ ಕಳೆದಿದೆ ಎಂದು ಕೇಳಿ, 72 ಗಂಟೆಯ ಮಾತು ಹೇಳಿ. ನಂಬಿಕೆಯ ಒಬ್ಬ ಸಹೋದ್ಯೋಗಿಯ ಜೊತೆ ವೈದ್ಯಕೀಯ ಘಟಕಕ್ಕೆ ಹೋಗುವಂತೆ ಹೇಳಿ. ಅವಳು ಹೇಳಿದ್ದನ್ನು ತಾರೀಖು, ಸಮಯ ಸಹಿತ ಬರೆದಿಡಿ. ಮೊದಲು ಕೇಳಿದವರ ಟಿಪ್ಪಣಿಗೆ ಮುಂದೆ ಬೆಲೆಯಿದೆ. ರಾಯಭಾರ ಕಚೇರಿಗೆ ಫೋನ್ ಮಾಡುವ, ಮದದ್‌ನಲ್ಲಿ ದಾಖಲಿಸುವ ಕೆಲಸ ನಿಮ್ಮಿಂದಾಗುತ್ತದೆ. ಆದರೆ ಅವಳ ಒಪ್ಪಿಗೆ ಪಡೆದ ಮೇಲೆ. ಅವಳ ಕೈಯಿಂದ ಈಗಾಗಲೇ ಒಮ್ಮೆ ನಿರ್ಧಾರವನ್ನು ಕಸಿದಿದ್ದಾರೆ, ನಾವು ಇನ್ನೊಮ್ಮೆ ಕಸಿಯಬಾರದು.

ಊರಿಗೆ ಬಂದ ಮೇಲೆ ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಜನ ಸೇರುವಲ್ಲಿಗೆ ಹೋಗದಿರುವುದು ಕಾಣಬಹುದು. ಮೊದಲ ಕೆಲವು ವಾರ ಇದು ಬಹುಮಂದಿಗೆ ಆಗುವಂಥದ್ದು. ಒಂದು ತಿಂಗಳು ದಾಟಿಯೂ ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ, ಅವು ಕೆಲಸ ಮಾಡುತ್ತವೆ. ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಲು

ವಿದೇಶದ ಸೇನಾ ನೆಲೆಗೆ ಕೆಲಸಕ್ಕೆ ಹೊರಟವರು ಇಷ್ಟನ್ನು ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಂಡರೆ ಒಳ್ಳೆಯದು:

- ನಿಮ್ಮ ಕಂಪನಿ, ಅದರ ಮೇಲಿನ ಮುಖ್ಯ ಗುತ್ತಿಗೆ ಕಂಪನಿ, ಎರಡರ ಹೆಸರೂ
- ನೆಲೆಯ ವೈದ್ಯಕೀಯ ಘಟಕ, ಮಿಲಿಟರಿ ಪೊಲೀಸ್ ಮತ್ತು ಸಾರ್ಕ್ ಫೋನ್ ಸಂಖ್ಯೆ
- ಆ ದೇಶದ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆ
- ವಿಮಾ ಕಂಪನಿಯ ಹೆಸರು
- 72 ಗಂಟೆ, 120 ಗಂಟೆ, 30 ದಿನ, ಒಂದು ವರ್ಷ: ಈ ನಾಲ್ಕು ಗಡುವುಗಳು

ನಿಯಮಗಳಲ್ಲಿ ಬಿರುಕುಗಳಿವೆ. ಸೈನಿಕಳಿಗೆ ಸಿಗುವುದು ಲಾಂಡ್ರಿಯ ಹೆಣ್ಣಿಗೆ ಸಿಗುವುದಿಲ್ಲ ಎಂಬುದು ಇವತ್ತಿಗೂ ನಿಜ. ಆದರೆ ಇಪ್ಪತ್ತೈದು ವರ್ಷಗಳ ಹಿಂದೆ ಇಲ್ಲದಿದ್ದ ಹಲವು ಬಾಗಿಲುಗಳು ಈಗ ಇವೆ, ಮತ್ತು ಅವುಗಳಲ್ಲಿ ಕೆಲವು ತೆರೆದದ್ದು ಯಾರೋ ಒಬ್ಬರು ಸುಮ್ಮನಿರದೆ ಬಾಯಿಬಿಟ್ಟ ಕಾರಣಕ್ಕೆ. ಈ ಮಾಹಿತಿ ನಿಮಗೆ ಬೇಕಾಗದಿರಲಿ. ಬೇಕಾಗಬಹುದಾದವರು ನಿಮ್ಮ ಬಂಧುಬಳಗದಲ್ಲಿ ಯಾರಾದರೂ ಇದ್ದರೆ, ವಿಮಾನ ಹತ್ತುವ ಮೊದಲು ಅವರಿಗೆ ತಲುಪಿಸಿ.